ಪಂಜೆಯವರ ಹುಟ್ಟುಹಬ್ಬಕ್ಕೆ ಗಟ್ಟಿ ಓದು: ಯಾವುದನ್ನು, ಹೇಗೆ ಓದುವುದು?

ಸಂಜೆಶಾಲೆ ಕೇಳಿದ್ದು:

ಫೆಬ್ರವರಿ 22 ಮಕ್ಕಳ ಕವಿ, ಕತೆಗಾರ ಪಂಜೆ ಮಂಗೇಶರಾಯರು ಹುಟ್ಟಿದ ದಿನ (1874, ಬಂಟ್ವಾಳ). ಅದರ ಹಿಂದಿನ ದಿನವೇ ಅಂತರರಾಷ್ಟ್ರೀಯ ತಾಯ್ನುಡಿ ದಿನ. ಎರಡನ್ನೂ ಸೇರಿಸಿ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಪಂಜೆಯವರನ್ನು ಮಕ್ಕಳಿಗೆ ಗಟ್ಟಿಯಾಗಿ ಓದಿ ಕೇಳಿಸುವ ಕಾರ್ಯಕ್ರಮ ಇಟ್ಟುಕೊಂಡಿದ್ದೇವೆ. ಭಾಷಣ, ಹಾರ, ಪ್ರಬಂಧ ಸ್ಪರ್ಧೆ ಯಾವುದೂ ಇಲ್ಲ. ಬರೀ ಓದು.

ಒಂದರಿಂದ ಏಳನೇ ತರಗತಿವರೆಗೆ 60 ಮಕ್ಕಳು, ಓದುವವರು ಮೂವರು, ಸಮಯ ಒಂದು ಗಂಟೆ. ಊರು ತುಮಕೂರು ಕಡೆ. ಹೆಚ್ಚಿನ ಮಕ್ಕಳು ಕಡಲು ಕಂಡವರಲ್ಲ, ಕೆಲವರ ಮನೆಮಾತು ತೆಲುಗು, ಉರ್ದು. ಈಗ ಕೈಯಲ್ಲಿರುವ ಪಟ್ಟಿ: ನಾಗರಹಾವೆ, ತೆಂಕಣ ಗಾಳಿಯಾಟ, ಹುತ್ತರಿ ಹಾಡು, ಬಣ್ಣದ ತಗಡಿನ ತುತ್ತೂರಿ, ಸಿಗಡಿ ಯಾಕೆ ಒಣಗಲಿಲ್ಲ.

ತಿಳಿದವರು ಹೇಳಿ. ಈ ಪಟ್ಟಿ ಸರಿಯಿದೆಯಾ? ಹಳೆಯ ಪದಗಳನ್ನು ಮೊದಲೇ ಹೇಳಿಕೊಡಬೇಕಾ? ಪದ್ಯಗಳನ್ನು ಅಚ್ಚು ಹಾಕಿ ಹಂಚಬಹುದಾ? ಮೈಕು ಬೇಕಾ? ಓದುವ ಮೂವರಲ್ಲಿ ಇಬ್ಬರು ಇದೇ ಮೊದಲ ಸಲ ಮಕ್ಕಳ ಮುಂದೆ ಓದುತ್ತಿರುವುದು.

ಮಾತ್ರೆಗಣ:

‘ನಾಗರಹಾವೆ’ಯಿಂದಲೇ ಶುರು ಮಾಡಿ. ಆದರೆ ಅದಕ್ಕೂ ಮೊದಲು ಪೆನ್ಸಿಲ್ ಹಿಡಿದು ಮಾತ್ರೆ (ಅಕ್ಷರ ಹೇಳುವ ಹೊತ್ತಿನ ಅಳತೆ: ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು) ಎಣಿಸಿಕೊಳ್ಳಿ. ಪಂಜೆಯವರ ಪದ್ಯದ ಜೀವ ಇರುವುದು ಅಲ್ಲಿ.

ನಾಗರ | ಹಾವೇ | ಹಾವೊಳು | ಹೂವೇ. ನಾಲ್ಕು ಮಾತ್ರೆಯ ನಾಲ್ಕು ಗಣ (ಗುಂಪು), ಒಟ್ಟು 16. ಬಾಗಿಲ | ಬಿಲದಲಿ | ನಿನ್ನಯ | ಠಾವೇ, ಇದೂ 16. ಮೂರನೇ ಸಾಲೂ ಅಷ್ಟೇ. ಆಮೇಲೆ ಬರುವುದು ಬರೀ ‘ಬಾ’, ಎಂಟು ಸಲ. ಒಂದು ಬಾ ಅಂದರೆ ಎರಡು ಮಾತ್ರೆ, ಎಂಟು ಬಾ ಸೇರಿದರೆ ಮತ್ತೆ 16. ಅಂದರೆ ಮೇಲಿನ ಒಂದೊಂದು ಸಾಲಿಗೆ ಎಷ್ಟು ಹೊತ್ತು ಕೊಟ್ಟಿರೋ ಆ ಒಂಟಿ ಅಕ್ಷರದ ಸಾಲಿಗೂ ಅಷ್ಟೇ ಹೊತ್ತು ಕೊಡಬೇಕು. ಮೊದಲ ಸಲ ಓದುವವರು ತಪ್ಪುವುದು ಇಲ್ಲೇ: ಐದಾರು ಬಾ ಹೇಳಿ ಸಾಕು ಅಂತ ಮುಂದಿನ ನುಡಿಗೆ ಹಾರಿಬಿಡುತ್ತಾರೆ, ಇಲ್ಲವೇ ಎಂಟನ್ನೂ ಗಡಿಬಿಡಿಯಲ್ಲಿ ನುಂಗುತ್ತಾರೆ. ಮಕ್ಕಳ ಚಪ್ಪಾಳೆ ಅಲ್ಲಿಗೇ ತಪ್ಪಿಹೋಗುತ್ತದೆ, ಆಮೇಲೆ ಕೂಡುವುದಿಲ್ಲ. ತೊಡೆಯ ಮೇಲೆ ಒಂದು ಗಣಕ್ಕೆ ಒಂದು ಪೆಟ್ಟು ಹಾಕಿಕೊಳ್ಳಿ. ಸಾಲಿಗೆ ನಾಲ್ಕು ಪೆಟ್ಟು, ಒಂದು ಪೆಟ್ಟಿಗೆ ಎರಡು ಬಾ. ಹತ್ತು ಸಲ ಹೀಗೆ ಹೇಳಿಕೊಂಡರೆ ಕೈ ತಾನಾಗಿ ಕಾಯುತ್ತದೆ.

ಅಚ್ಚಿನಲ್ಲಿ ‘ಹಾವೆ’, ‘ಹೂವೆ’ ಎಂದು ಹ್ರಸ್ವ ಕಂಡರೂ ಕರೆಯುವ ದನಿಯಲ್ಲಿ ಅದು ‘ಹಾವೇ’, ‘ಹೂವೇ’. ಎಳೆಯದಿದ್ದರೆ ಗಣ ಮೂರೇ ಮಾತ್ರೆಗೆ ಕುಂಟುತ್ತದೆ.

ನುಡಿಗಳ ಕೊನೆಯಲ್ಲಿ ಬರುವ ಅಕ್ಷರಗಳನ್ನು ನೋಡಿ: ಬಾ, ನೀ, ತಾ, ಪೋ. ಮೊದಲು ಕರೆಯುವುದು, ಆಮೇಲೆ ಕೊಳಲ ದನಿ, ಆಮೇಲೆ ಹೊನ್ನು ಬೇಡುವುದು, ಕೊನೆಗೆ ಕಳಿಸಿಬಿಡುವುದು. ಇಡೀ ಪದ್ಯ ಒಂದು ಸಣ್ಣ ನಾಟಕ. ‘ಬಾ’ ತಗ್ಗಿದ ದನಿಯಲ್ಲಿ, ಅಂಗೈ ತನ್ನ ಕಡೆಗೆ. ‘ನೀ’ ಮೂಗಿನ ಕಡೆಯಿಂದ, ತುಟಿ ಅಗಲಿಸಿ. ‘ತಾ’ ಕೈ ಚಾಚಿ, ಸ್ವಲ್ಪ ಆಸೆಯಿಂದ. ‘ಪೋ’ ಹೇಳುವಾಗ ಒಂದೊಂದು ಹೆಜ್ಜೆ ಹಿಂದೆ ಸರಿಯಿರಿ. ಮಕ್ಕಳು ಎರಡನೇ ನುಡಿಯಷ್ಟರಲ್ಲೇ ಸೇರಿಕೊಳ್ಳುತ್ತಾರೆ. ‘ಎಲ್ಲರೂ ಹೇಳಿ’ ಎಂದು ಕೂಗುವ ಅಗತ್ಯವಿಲ್ಲ.

‘ತೆಂಕಣ ಗಾಳಿಯಾಟ’ದ ಸೊಗಸು ಇನ್ನೊಂದು ಬಗೆ. ಬುಸುಗು | ಟ್ಟುವ ಪಾ | ತಾಳದ | ಹಾವೋ. (ಮುಂದಿನ ಒತ್ತಿನಿಂದಾಗಿ ‘ಗು’ ಇಲ್ಲಿ ಗುರು, ಎರಡು ಮಾತ್ರೆ.) ಇಲ್ಲೂ ಅದೇ 16! ಒಂದೇ ಅಳತೆಯಲ್ಲಿ ಅಲ್ಲಿ ಹಾವು ಹೆಡೆ ತೂಗಿತು, ಇಲ್ಲಿ ಬಿರುಗಾಳಿ ನುಗ್ಗುತ್ತದೆ. ಈ ವ್ಯತ್ಯಾಸ ತರಬೇಕಾದ್ದು ಓದುವವರ ಉಸಿರು. ‘ಬುಸುಗುಟ್ಟುವ ಪಾತಾಳದ ಹಾವೋ, ಹಸಿವಿನ ಭೂತವು ಕೂಯುವ ಕೂವೋ’ ಇವೆರಡನ್ನೂ ಒಂದೇ ಉಸಿರಿಗೆ ಹೇಳಿ, ‘ಕೂವೋ’ ಆದಮೇಲೆ ಉಸಿರು ತಗೊಳ್ಳಿ. ಸಾಲಿನ ನಡುವೆ ಉಸಿರು ತಗೊಂಡರೆ ಗಾಳಿಯೇ ನಿಂತ ಹಾಗೆ. ಶುರುವಿಗೇ ಪೂರ್ತಿ ಗಂಟಲು ತೆರೆಯಬೇಡಿ. ಗಾಳಿ ದೂರದಿಂದ ಬರುತ್ತಿದೆ, ಹಿಂದಿನ ಸಾಲಿನ ಮಗು ಕಿವಿಗೊಟ್ಟರೆ ಮಾತ್ರ ಕೇಳುವಷ್ಟರಿಂದ ಶುರುವಾಗಿ ಹತ್ತಿರ ಹತ್ತಿರ ಬರಬೇಕು.

ಇನ್ನೊಂದು, ಹಕಾರ. ಹಳೇ ಮೈಸೂರು ಕಡೆ ಮಾತಿನಲ್ಲಿ ಹಾವು ‘ಆವು’, ಹೂವು ‘ಊವು’ ಆಗುವುದು ಸಹಜ, ಅದರಲ್ಲಿ ಕೀಳೇನೂ ಇಲ್ಲ. ಆದರೆ ಈ ಸಾಲಿನಲ್ಲಿ ಹಾವಿನ ಉಸಿರು ಕೂತಿರುವುದೇ ಆ ಹಕಾರದಲ್ಲಿ. ಓದುವವರು ಅದನ್ನು ಬಿಡಬಾರದು. ಮಕ್ಕಳನ್ನು ತಿದ್ದಲು ಹೋಗಬೇಡಿ, ನಿಮ್ಮ ಬಾಯಿಂದ ನಾಲ್ಕು ಸಲ ಸರಿಯಾಗಿ ಕೇಳಿದರೆ ಹಿಡಿದುಕೊಳ್ಳುತ್ತಾರೆ.

ಹುತ್ತರಿ ಹಾಡನ್ನು ಈ ಸಲ ಬಿಡಿ. ಕೊಡಗಿನ ಆ ವೈಭವ ಅರಗಲು ಹೈಸ್ಕೂಲು ಬರಬೇಕು.

ಪುಸ್ತಕದ ಕಪಾಟು:

ಅಚ್ಚಿನ ವಿಷಯ ಮೊದಲು. ಪಂಜೆಯವರು ತೀರಿಕೊಂಡದ್ದು 1937ರ ಅಕ್ಟೋಬರ್‌ನಲ್ಲಿ. ನಮ್ಮ ಕಾನೂನಿನಲ್ಲಿ ಬರಹಗಾರರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಅಂದರೆ 1998ರ ಜನವರಿ 1ರಿಂದ ಅವರ ಬರಹ ಎಲ್ಲರದ್ದು. ಅಚ್ಚು ಹಾಕಿ, ಹಂಚಿ, ಓದಿ ಧ್ವನಿಮುದ್ರಿಸಿ ಜಾಲದಲ್ಲಿ ಹಾಕಿ, ಯಾರನ್ನೂ ಕೇಳಬೇಕಿಲ್ಲ. ಆದರೆ ಈಚಿನ ಮುದ್ರಣಗಳಲ್ಲಿರುವ ಚಿತ್ರ, ಮುನ್ನುಡಿ, ಟಿಪ್ಪಣಿಗಳ ಹಕ್ಕು ಬೇರೆಯವರದ್ದು. ಪುಟವನ್ನೇ ಫೋಟೋ ತೆಗೆದು ಹಂಚದೆ ಪದ್ಯವನ್ನಷ್ಟೇ ಟೈಪ್ ಮಾಡಿಕೊಳ್ಳಿ.

‘ತುತ್ತೂರಿ’ ಪಂಜೆಯವರದ್ದಲ್ಲ! ಅದು ಜಿ.ಪಿ. ರಾಜರತ್ನಂ ಅವರದ್ದು, ‘ನಾಯಿಮರಿ ನಾಯಿಮರಿ ತಿಂಡಿ ಬೇಕೆ’ ಕೂಡ. ಅವರು ತೀರಿಕೊಂಡದ್ದು 1979ರಲ್ಲಿ, ಹಾಗಾಗಿ ಹಕ್ಕು 2039ರ ಕೊನೆಯವರೆಗೂ ಇದೆ. ಶಾಲೆಯಲ್ಲಿ ಶಿಕ್ಷಕರು, ಮಕ್ಕಳು, ಪೋಷಕರ ಮುಂದೆ ಓದಿ ಹಾಡುವುದಕ್ಕೆ ಕಾನೂನು ಅಡ್ಡಿ ಮಾಡುವುದಿಲ್ಲ. ಪ್ರತಿ ಮಾಡಿ ಹಂಚುವುದು, ಯೂಟ್ಯೂಬಿಗೆ ಹಾಕುವುದು ಬೇಡ. ಪಂಜೆಯವರ ದಿನದ ಪಟ್ಟಿಯಿಂದ ಅದನ್ನು ತೆಗೆದು ರಾಜರತ್ನಂ ಅವರಿಗೆ ಡಿಸೆಂಬರ್‌ನಲ್ಲಿ ಅವರದೇ ದಿನ ಮಾಡಿ. ಮಕ್ಕಳಿಗೆ ಯಾರ ಪದ್ಯ ಯಾರದ್ದು ಎನ್ನುವುದು ಮೊದಲ ದಿನದಿಂದಲೇ ಸರಿಯಾಗಿ ಗೊತ್ತಾಗಬೇಕು.

ಟೈಪ್ ಮಾಡುವಾಗ ಯೂನಿಕೋಡ್‌ನಲ್ಲೇ ಮಾಡಿ. ಹಳೆಯ ನುಡಿ, ಬರಹ ಫಾಂಟಿನ ಕಡತವನ್ನು ವಾಟ್ಸಾಪಿನಲ್ಲಿ ಅಂಟಿಸಿದರೆ ಅರ್ಥವಿಲ್ಲದ ಗುರುತುಗಳು ಬರುತ್ತವೆ, ಪರಿವರ್ತಕದಲ್ಲಿ ಹಾಕಿ ತೆಗೆಯಬೇಕು. ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕದಿಂದ ಯಂತ್ರ ಓದಿಕೊಟ್ಟ ಪಠ್ಯವನ್ನು ನಂಬಬೇಡಿ. ಪ-ವ, ಥ-ಧ ಅದಲುಬದಲಾಗುತ್ತವೆ, ಎಲ್ಲಕ್ಕಿಂತ ಹೆಚ್ಚಾಗಿ ದೀರ್ಘದ ಚಿಹ್ನೆ ಬಿದ್ದುಹೋಗುತ್ತದೆ. ಮಾತ್ರೆಗಣ ಅವರು ಹೇಳಿದ 16ರ ಲೆಕ್ಕವೇ ನಿಮಗೆ ಕರಡು ತಿದ್ದುವ ಅಳತೆಗೋಲು: ಯಾವ ಸಾಲು ಲೆಕ್ಕಕ್ಕೆ ಬರುವುದಿಲ್ಲವೋ ಅದನ್ನು ಅಚ್ಚಿನ ಪುಸ್ತಕದೊಂದಿಗೆ ಹೋಲಿಸಿ ನೋಡಿ. ಓದುವವರ ಹಾಳೆಗೆ 18 ಪಾಯಿಂಟ್, ಮಕ್ಕಳ ಹಾಳೆಗೆ 22ರಿಂದ 24, ಸಾಲಿನ ಅಂತರ ಒಂದೂವರೆ. ಕಮ್ಮಿ ಕೊಟ್ಟರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಣಿಸಿಗೆ ತಾಗಿ ಚಿಕ್ಕವರಿಗೆ ಕಲಸುಮೇಲೋಗರ ಆಗುತ್ತದೆ.

ಮೈಕು ಬೇಡ. 60 ಮಕ್ಕಳನ್ನು ಒಂದೇ ಕಡೆ ಕೂರಿಸುವುದೂ ಬೇಡ. ಓದುವವರು ಮೂವರಿದ್ದೀರಿ, 20ರಂತೆ ಮೂರು ಗುಂಪು ಮಾಡಿ: 1-2, 3-4, 5ರಿಂದ 7. ಎರಡು ಸಾಲು, ಅರ್ಧ ಚಂದ್ರಾಕಾರ, ಹಿಂದಿನ ಸಾಲು ನಿಮ್ಮಿಂದ ಎಂಟು ಹತ್ತು ಅಡಿಗಿಂತ ದೂರ ಇರಬಾರದು. ನಿಮ್ಮ ಬೆನ್ನಿಗೆ ಗೋಡೆ ಇರಲಿ, ಕಿಟಕಿ ಬೇಡ. ಕಿಟಕಿ ಇದ್ದರೆ ಮಕ್ಕಳಿಗೆ ನಿಮ್ಮ ಮುಖ ಕಪ್ಪಾಗಿ ಕಾಣುತ್ತದೆ, ತುಟಿ ಕಾಣುವುದಿಲ್ಲ. ಫ್ಯಾನ್ ಸದ್ದು ಮಾಡುತ್ತಿದ್ದರೆ ಆರಿಸಿ, ಆ ಸದ್ದಿನ ಮೇಲೆ ಕಿರುಚಿ ಓದಿದರೆ ಹದಿನೈದು ನಿಮಿಷಕ್ಕೆ ಗಂಟಲು ಕಟ್ಟುತ್ತದೆ. ಕಡೆಗೆ ಹತ್ತು ನಿಮಿಷ ಎಲ್ಲರೂ ಒಟ್ಟಿಗೆ ಸೇರಿ ನಾಗರಹಾವೆ ಹೇಳಲಿ, ಅದಕ್ಕೆ ಅಂಗಳ ಸಾಕು.

ಪುಸ್ತಕ ಹಿಡಿದು ಓದುವುದಾದರೆ ಎದೆ ಮಟ್ಟದಲ್ಲಿ, ಒಂದು ಪಕ್ಕಕ್ಕೆ, ಹಾಳೆ ಮಕ್ಕಳ ಕಡೆ. ಮುಖದ ಮುಂದೆ ಹಿಡಿದರೆ ದನಿ ಕಾಗದಕ್ಕೆ ಬಡಿದು ಅಲ್ಲೇ ಉಳಿಯುತ್ತದೆ. ಕತೆಗೆ ನಿಮಿಷಕ್ಕೆ 70-80 ಪದ ಸಾಕು. ಒಮ್ಮೆ ಫೋನಿನಲ್ಲಿ ಮುದ್ರಿಸಿ ಎಣಿಸಿ ನೋಡಿ, ಮೊದಲ ಸಲ ಓದುವವರು ನೂರು ದಾಟಿರುತ್ತಾರೆ.

ಕಷ್ಟದ ಪದ ಹತ್ತನ್ನು ಮೊದಲೇ ಬೋರ್ಡಿನ ಮೇಲೆ ಅರ್ಥ ಸಮೇತ ಬರೆದಿಟ್ಟರೆ ಒಳ್ಳೆಯದು ಅನ್ನುವುದು ನನ್ನ ಅನಿಸಿಕೆ.

ಕಡಲತಡಿ:

ಬೋರ್ಡಿನ ವಿಷಯ ನಾನು ಒಪ್ಪುವುದಿಲ್ಲ. ಹತ್ತು ಪದದ ಪಟ್ಟಿ ಕಂಡ ಕೂಡಲೇ ಮಕ್ಕಳು ಪಾಠ ಶುರುವಾಯ್ತು ಅಂದುಕೊಂಡು ಪೆನ್ಸಿಲ್ ತೆಗೆಯುತ್ತಾರೆ. ಮೊದಲು ಪೂರ್ತಿ ಕೇಳಲಿ. ಎರಡನೇ ಓದಿನ ನಡುವೆ ಕೈಸನ್ನೆಯಲ್ಲೇ ಅರ್ಥ ದಾಟಿಸಬಹುದು. ‘ಠಾವು’ (ಜಾಗ) ಬಂದಾಗ ಬಾಗಿಲ ಮೂಲೆಗೆ ಬೆರಳು ತೋರಿಸಿದರೆ ಸಾಕು.

ನಿಜವಾಗಿ ಬಿಡಿಸಿ ಹೇಳಬೇಕಾದ್ದು ಒಂದೇ ಒಂದು, ನಾಗರಹಾವೆಯ ಮೂರನೇ ಸಾಲಿನ ‘ಹಾಲನ್ನೀವೆ’. ಕಿವಿಗೆ ಅದು ‘ಹಾಲ ನೀವೇ’ ಎಂದು ಬಿದ್ದು, ಹಾಲು ನೀವೇ ಕುಡಿಯಿರಿ ಎಂದು ಹಾವಿಗೆ ಮರ್ಯಾದೆ ಕೊಟ್ಟ ಹಾಗೆ ಮಕ್ಕಳು ತಿಳಿಯುತ್ತಾರೆ. ಅದು ಹಾಲನ್ನು + ಈವೆ, ಅಂದರೆ ಹಾಲು ಕೊಡುವೆ. ಓದುವಾಗ ‘ಹಾಲನ್’ ಮೇಲೆ ಎಳ್ಳಷ್ಟು ಒತ್ತು ಕೊಟ್ಟರೆ ಗಣವೂ ಸರಿಹೋಗುತ್ತದೆ, ಅರ್ಥವೂ ಬಿಡುತ್ತದೆ. ‘ಪೋ’ ಅನ್ನುವುದು ಹೋಗು ಎಂಬುದರ ಹಳೆಯ ರೂಪ. ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರ ಆಯಿತಲ್ಲ, ಹಾಗೆ. ತುಳುವಿನಲ್ಲಿ ಇವತ್ತಿಗೂ ಹೋಗು ಅನ್ನಲು ‘ಪೋ’ ಅಂತಲೇ ಹೇಳುವುದು, ನಮ್ಮ ಕಡೆಯ ಮಕ್ಕಳಿಗೆ ಅದನ್ನು ಹೇಳಿಕೊಡಬೇಕಾಗಿಯೇ ಇಲ್ಲ. ನಿಮ್ಮಲ್ಲಿ ತೆಲುಗು ಮನೆಮಾತಿನ ಮಕ್ಕಳಿದ್ದಾರಲ್ಲ, ತೆಲುಗಿನಲ್ಲೂ ‘ಪೋ’ ಇದೆ. ಅರ್ಥವನ್ನು ಅವರ ಬಾಯಿಂದಲೇ ಹೇಳಿಸಿ, ಆ ಮಗುವಿನ ಮುಖ ನೋಡಿ. ಪಂಜೆಯವರ ಮನೆಮಾತೂ ಕನ್ನಡವಲ್ಲ, ಕೊಂಕಣಿ. ಇದನ್ನು ಆ ಮಕ್ಕಳಿಗೆ ತಪ್ಪದೆ ಹೇಳಿ.

ಈಗ ಸಿಗಡಿ. ಕತೆಯ ಹೆಸರೇ ಪ್ರಶ್ನೆ, ಹಾಗಾಗಿ ಸಿಗಡಿ ಅಂದರೇನು, ಅದನ್ನು ಯಾಕೆ ಒಣಗಿಸುತ್ತಾರೆ ಎನ್ನುವುದು ಗೊತ್ತಿಲ್ಲದಿದ್ದರೆ ಕತೆಯೊಳಗೆ ಕಾಲಿಡುವುದಕ್ಕೇ ಆಗುವುದಿಲ್ಲ. ಬಯಲುಸೀಮೆಯ ಸಂತೆಗಳಲ್ಲೂ ಒಣಸಿಗಡಿ ಸಿಗುತ್ತದೆ. ಒಂದು ಹಿಡಿ ತಂದು ಮುಚ್ಚಳ ಬಿಗಿಯಾದ ಗಾಜಿನ ಬಾಟಲಿಯಲ್ಲಿ ಹಾಕಿ, ಒಬ್ಬರಿಂದೊಬ್ಬರಿಗೆ ದಾಟಿಸಿ. ಬಾಗಿದ ಬೆನ್ನು, ನೂಲಿನಂಥ ಮೀಸೆ, ಕರಿಸಾಸಿವೆಯಂಥ ಕಣ್ಣು, ಎಲ್ಲ ಗಾಜಿನೊಳಗಿಂದಲೇ ಕಾಣುತ್ತದೆ. ಮುಚ್ಚಳ ಮಾತ್ರ ತೆರೆಯಬೇಡಿ. ಸಿಗಡಿ ಕೆಲವು ಮಕ್ಕಳ ಮೈಗೆ ಆಗುವುದಿಲ್ಲ, ಅಲರ್ಜಿಯಾಗುತ್ತದೆ. ಮನೆಯಲ್ಲಿ ಮೀನು ಮುಟ್ಟದ ಮಕ್ಕಳೂ ಇರುತ್ತಾರೆ.

ಇದು ಕೊಂಡಿಕತೆ. ಒಬ್ಬರನ್ನು ಕೇಳಿದರೆ ಇನ್ನೊಬ್ಬರ ಮೇಲೆ ಹಾಕುತ್ತಾರೆ, ಅವರನ್ನು ಕೇಳಿದರೆ ಮತ್ತೊಬ್ಬರ ಮೇಲೆ. ‘ಹೇನು ಸತ್ತು ಕಾಗೆ ಬಡವಾಯಿತು’ ಕೂಡ ಇದೇ ಜಾತಿ, ಚಿಕ್ಕವರಿಗೆ ಜೋಡಿಯಾಗಿ ಓದಬಹುದು. ಕೊಂಡಿಕತೆಯಲ್ಲಿ ಪ್ರಶ್ನೆ ಮಕ್ಕಳದ್ದು, ಉತ್ತರ ನಿಮ್ಮದು. ಎರಡು ಸಲ ನೀವೇ ಪ್ರಶ್ನೆ ಕೇಳಿ, ಮೂರನೇ ಸಲ ‘ಯಾಕೆ...’ ಅಂದು ಬಾಯಿ ಮುಚ್ಚಿ ಎರಡು ಎಣಿಸುವಷ್ಟು ಕಾಯಿರಿ. ಈ ಎರಡು ಎಣಿಕೆಯ ಮೌನಕ್ಕೆ ಹೊಸಬರು ಹೆದರುತ್ತಾರೆ, ತಾವೇ ಹೇಳಿ ಮುಗಿಸಿಬಿಡುತ್ತಾರೆ, ಆಮೇಲೆ ಮಕ್ಕಳು ಕತೆ ಮುಗಿಯುವವರೆಗೂ ಸುಮ್ಮನೆ ಕೂರುತ್ತಾರೆ. ಹೊಸ ಕೊಂಡಿ ಬಂದಾಗ ನಿಧಾನ, ಹಳೆಯದನ್ನು ಮರಳಿ ಹೇಳುವಾಗ ವೇಗ. ಎಲ್ಲವನ್ನೂ ಒಂದೇ ವೇಗದಲ್ಲಿ ಓದಿದರೆ ಅದು ಹಾಜರಿ ಪುಸ್ತಕ.

ಕೊಂಡಿಯ ಕ್ರಮ ತಪ್ಪಿದರೆ ಚಿಕ್ಕವರು ಬಿಡುವುದಿಲ್ಲ, ನಿಲ್ಲಿಸಿ ತಿದ್ದುತ್ತಾರೆ. ತಿದ್ದಲಿ, ಅದು ಒಳ್ಳೆಯದೇ. ಆದರೂ ಒಂದೊಂದು ಕೊಂಡಿಗೆ ಒಂದು ರಟ್ಟಿನ ಚಿತ್ರ ಮಾಡಿ, ದಾರ ಕಟ್ಟಿ, ಬಟ್ಟೆ ಕ್ಲಿಪ್ಪಿನಲ್ಲಿ ಒಂದಾದ ಮೇಲೊಂದು ಸಿಕ್ಕಿಸುತ್ತಾ ಹೋಗಿ. ಎಲ್ಲವನ್ನೂ ಮೊದಲೇ ನೇತುಹಾಕಿದರೆ ಮುಂದೇನು ಎಂಬ ಕುತೂಹಲ ಸತ್ತುಹೋಗುತ್ತದೆ.

3-4ಕ್ಕೆ ‘ಇಲಿಗಳ ಥಕಥೈ’ ಇಡಿ. ದೊಡ್ಡವರಿಗೆ ತೆಂಕಣ ಗಾಳಿಯಾಟದ ಜೊತೆ ತುಳುನಾಡಿನ ಅವಳಿ ವೀರರ ಕತೆ ‘ಕೋಟಿ ಚೆನ್ನಯ’ದ ಒಂದು ಪ್ರಸಂಗ ಮಾತ್ರ, ಹತ್ತು ನಿಮಿಷದ್ದು. ಪೂರ್ತಿ ಓದಲು ಹೋಗಬೇಡಿ, ಅದು ವಾರಕ್ಕೆ ಒಂದು ಕಂತಿನಂತೆ ಆಮೇಲೆ ನಡೆಯಲಿ. ಪ್ರಸಂಗದ ತುದಿಗೆ ಬಂದಾಗ ಪುಸ್ತಕ ಮುಚ್ಚಿ, ಮಕ್ಕಳ ಕೈಗೆ ಸಿಗುವ ಜಾಗದಲ್ಲಿಟ್ಟು ಬನ್ನಿ.

ಸಂಜೆಶಾಲೆ:

ತುತ್ತೂರಿಯ ವಿಷಯ ತಿದ್ದಿದ್ದಕ್ಕೆ ಧನ್ಯವಾದ, ಪಟ್ಟಿಯಿಂದ ತೆಗೆದೆ. ಇನ್ನೆರಡು ಪ್ರಶ್ನೆ. ‘ಹಾವು ನಿಜವಾಗ್ಲೂ ಹಾಲು ಕುಡಿಯುತ್ತಾ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ, ಏನು ಹೇಳುವುದು? ಆಮೇಲೆ, ಪುಂಗಿ ಊದುವವರನ್ನು ಕರೆಸೋಣ ಎಂದು ಒಬ್ಬರು ಹೇಳುತ್ತಿದ್ದಾರೆ.

ಕಡಲತಡಿ:

ಪದ್ಯ ಮುಗಿಯುವವರೆಗೂ ಏನೂ ಹೇಳಬೇಡಿ. ಮುಗಿದ ಮೇಲೆ ನೇರವಾಗಿ ಹೇಳಿ: ಹಾಲು ಹಾವಿನ ಆಹಾರವಲ್ಲ, ಅದು ತಿನ್ನುವುದು ಇಲಿ, ಕಪ್ಪೆಯಂಥವನ್ನು. ಹಾಲೆರೆಯುವುದು ಜನರ ನಂಬಿಕೆ, ಪದ್ಯ ಆ ನಂಬಿಕೆಯ ಒಳಗಿಂದ ಮಾತಾಡುತ್ತಿದೆ. ಬಾ ಎಂದು ಕರೆಯುವುದು ಪದ್ಯದಲ್ಲಿ ಮಾತ್ರ, ಹೊರಗೆ ಹಾವು ಕಂಡರೆ ದೂರ ನಿಂತು ದೊಡ್ಡವರನ್ನು ಕರೆಯಬೇಕು. ಹಳ್ಳಿಯ ಮಕ್ಕಳಿಗೆ ಇದನ್ನು ಬಿಡದೆ ಹೇಳಬೇಕು.

ಹಾವು ತಂದು ಆಡಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಹಾವಿಲ್ಲದೆ ಬರೀ ಪುಂಗಿ ಊದಲು ಬಂದರೆ ಕಾನೂನಿನ ತೊಡಕಿಲ್ಲ, ಆದರೆ ಪುಂಗಿಯ ಸದ್ದಿನ ಮುಂದೆ ನಿಮ್ಮ ಓದು ಕೇಳಿಸುವುದಿಲ್ಲ. ಪದ್ಯದೊಳಗೇ ಕೊಳಲಿದೆ, ಎಂಟು ‘ನೀ’ ಇರುವುದೇ ಅದಕ್ಕೆ.

ಹೊರನಾಡ ಕೂಟ:

ಇದನ್ನು ಹೊರದೇಶದ ಕನ್ನಡ ಕೂಟದ ಮಕ್ಕಳಿಗೆ ವಿಡಿಯೋ ಕರೆಯಲ್ಲಿ ಮಾಡುವವರಿಗೆ ಎರಡು ಮಾತು. ಒಟ್ಟಿಗೆ ಹೇಳಿಸಲು ಹೋಗಬೇಡಿ. ಒಬ್ಬೊಬ್ಬರ ದನಿ ಒಂದೊಂದು ಹೊತ್ತಿಗೆ ತಲುಪುವುದರಿಂದ ಎಂಟು ಬಾ ಇಪ್ಪತ್ತಾಗಿ ಕೇಳುತ್ತದೆ. ಎಲ್ಲರ ಮೈಕ್ ಮುಚ್ಚಿಸಿ, ಅವರವರ ಮನೆಯಲ್ಲಿ ಗಟ್ಟಿಯಾಗಿ ಹೇಳಿಸಿ, ತೆರೆಯ ಮೇಲೆ ಕೈಸನ್ನೆ ಮಾತ್ರ ನೋಡಿ. ಬಾ ಅನ್ನುವಾಗ ಹೆಡೆಯಂತೆ ಎತ್ತಿದ ಇಪ್ಪತ್ತು ಕೈ ಕಂಡರೆ ತಾಳ ಸರಿಯಿದೆಯೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ.

ಕನ್ನಡ ಮಾತು ಬಂದರೂ ಅಕ್ಷರ ಬಾರದ ಮಕ್ಕಳಿಗೆ ಇಂಗ್ಲಿಷ್ ಲಿಪಿಯಲ್ಲಿ ಬರೆದುಕೊಟ್ಟರೆ ಹ್ರಸ್ವ-ದೀರ್ಘ ಕಲಸಿಹೋಗುತ್ತದೆ, ಳಕಾರ ಲಕಾರವಾಗುತ್ತದೆ, ಅಷ್ಟಾದ ಮೇಲೆ 16ರ ಲೆಕ್ಕ ಎಲ್ಲಿ ಉಳಿಯಿತು? ಹಾಳೆಯ ಬದಲು ಎರಡು ಧ್ವನಿಮುದ್ರಣ ಕಳಿಸಿ: ಒಂದು ಪೂರ್ತಿ ಪದ್ಯದ್ದು, ಇನ್ನೊಂದು ಸಾಲು ಸಾಲಾಗಿ, ಪ್ರತಿ ಸಾಲಿನ ನಂತರ ಅದೇ ಅಳತೆಯ ಖಾಲಿ ಜಾಗ ಬಿಟ್ಟದ್ದು. ಆ ಖಾಲಿ ಜಾಗ ಮಗುವಿನದ್ದು.

ತೆಂಕಣ ಗಾಳಿಯಾಟ ಓದುವ ಮೊದಲು ಆ ತಂತ್ರಾಂಶದ ಗದ್ದಲ ತಗ್ಗಿಸುವ ಆಯ್ಕೆಯನ್ನು ಆಫ್ ಮಾಡಿ. ಜೂಮ್‌ನಲ್ಲಿ ಮೂಲ ಧ್ವನಿ ಎಂಬ ಆಯ್ಕೆಯೇ ಇದೆ, ಅದನ್ನು ಆನ್ ಮಾಡಿ. ಇಲ್ಲದಿದ್ದರೆ ನೀವು ಬುಸುಗುಟ್ಟಿದ್ದು, ಸುಂಯ್ ಎಂದು ಎಳೆದದ್ದು ಎಲ್ಲವನ್ನೂ ಅದು ಫ್ಯಾನಿನ ಸದ್ದು ಅಂದುಕೊಂಡು ಅಳಿಸಿಹಾಕುತ್ತದೆ, ಆ ಕಡೆ ಮಕ್ಕಳಿಗೆ ಗಾಳಿಯೇ ಇಲ್ಲದ ಗಾಳಿಯಾಟ ಕೇಳುತ್ತದೆ.